ಕೈತಪ್ಪಿದವರನ್ನೂ ಎಣಿಸಲು ಕಲಿಸುವ ಪುಸ್ತಕ

ನಮ್ಮ ಕೂಟದ ಮನೆಗಳಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಆರಿಸಿಕೊಂಡ ಮಕ್ಕಳಿದ್ದಾರೆ. ‘ಸರ್ವೈವಲ್ ಅನಾಲಿಸಿಸ್‌ಗೆ ಮೊದಲು ಯಾವ ಪುಸ್ತಕ ಓದಬೇಕು?’ ಎಂದು ಅವರು ವೈದ್ಯರಾದ ನಮ್ಮನ್ನು ಕೇಳುವುದುಂಟು. ನಮ್ಮ ಉತ್ತರ ಅಟ್ಲಾಂಟಾದಲ್ಲೇ ಇದೆ: ಎಮೊರಿ ವಿಶ್ವವಿದ್ಯಾಲಯದ ಡೇವಿಡ್ ಕ್ಲೈನ್‌ಬಾಮ್ ಮತ್ತು ಮಿಚೆಲ್ ಕ್ಲೈನ್ ಅವರ ‘ಸರ್ವೈವಲ್ ಅನಾಲಿಸಿಸ್: ಎ ಸೆಲ್ಫ್ ಲರ್ನಿಂಗ್ ಟೆಕ್ಸ್ಟ್’. ಹಿಂದೆ ಉತ್ತರ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿಯೂ ಪಾಠ ಹೇಳಿದ ಕ್ಲೈನ್‌ಬಾಮ್ 1996ರಲ್ಲಿ ಇದನ್ನು ಪ್ರಕಟಿಸಿದರು. ಮೂರನೆಯ ಆವೃತ್ತಿ 2012ರದು.

ಕಾಯಿಲೆ ಮರುಕಳಿಸಲು ಎಷ್ಟು ಕಾಲ ಹಿಡಿಯಿತು ಎಂಬಂಥ ಪ್ರಶ್ನೆಗೆ ಉತ್ತರ ಹುಡುಕುವ ವಿಧಾನವಿದು. ಅಧ್ಯಯನ ಮುಗಿದಾಗಲೂ ಕೆಲವರಿಗೆ ಕಾಯಿಲೆ ಮರಳಿರುವುದಿಲ್ಲ. ಕೆಲವರು ಊರು ಬಿಟ್ಟಿರುತ್ತಾರೆ. ಕೆಲವರು ಬರುವುದನ್ನೇ ನಿಲ್ಲಿಸಿರುತ್ತಾರೆ. ಹೀಗೆ ಅರ್ಧದಲ್ಲಿ ನಿಂತ ಮಾಹಿತಿಯನ್ನು ಸೆನ್ಸಾರಿಂಗ್ ಎನ್ನುತ್ತಾರೆ. 1958ರಲ್ಲಿ ಕಪ್ಲಾನ್ ಮತ್ತು ಮಯರ್, 1972ರಲ್ಲಿ ಡೇವಿಡ್ ಕಾಕ್ಸ್ ತೋರಿದ ದಾರಿಗಳು ಇಂಥವರನ್ನು ಬಿಡದೆ ಲೆಕ್ಕ ಹಾಕುವ ದಾರಿಗಳು. ಆದುದರಿಂದ ಇಂಥ ಪ್ರವೇಶ ಗ್ರಂಥಕ್ಕೆ ನಮ್ಮ ಅಳತೆಗೋಲು ಒಂದೇ: ಕೈತಪ್ಪಿದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ?

ಈ ಪರೀಕ್ಷೆಯಲ್ಲಿ ಪುಸ್ತಕ ಬಹುಮಟ್ಟಿಗೆ ಗೆಲ್ಲುತ್ತದೆ. ಮೊದಲ ಅಧ್ಯಾಯದಲ್ಲೇ ರಕ್ತದ ಕ್ಯಾನ್ಸರಿನ 42 ರೋಗಿಗಳ ಪ್ರಸಿದ್ಧ ಅಂಕಿಗಳಿವೆ. 21 ಮಂದಿಗೆ ಔಷಧ, 21 ಮಂದಿಗೆ ಪ್ಲಸೀಬೊ. ಪ್ಲಸೀಬೊ ಪಡೆದ ಎಲ್ಲರಿಗೂ ಕಾಯಿಲೆ ಮರಳಿತು. ಮಧ್ಯಾಂಕ 8 ವಾರ. ಔಷಧ ಪಡೆದವರಲ್ಲಿ ಮರಳಿದ್ದು 9 ಮಂದಿಗೆ ಮಾತ್ರ. ಉಳಿದ 12 ಮಂದಿಯ ವಾರಗಳ ಪಕ್ಕದಲ್ಲಿ ಕೂಡುವ ಚಿಹ್ನೆಯಿದೆ, ಅಂದರೆ ‘ಇಲ್ಲಿಯವರೆಗೆ ಮರಳಿಲ್ಲ, ಮುಂದಿನದು ಗೊತ್ತಿಲ್ಲ’. ಓದುಗರೇ ಲೆಕ್ಕ ಹಾಕಿ ನೋಡಬಹುದು: ಆ 12 ಮಂದಿಯನ್ನು ಕೈಬಿಟ್ಟರೆ ಮಧ್ಯಾಂಕ 10 ವಾರ; ಅವರಿಗೂ ಅದೇ ವಾರ ಕಾಯಿಲೆ ಮರಳಿತೆಂದು ಬಗೆದರೆ 16; ಕಪ್ಲಾನ್–ಮಯರ್ ವಿಧಾನದಲ್ಲಿ 23. ರೋಗಿಗಳು ಅವರೇ, ಔಷಧವೂ ಅದೇ; ಎಣಿಸುವ ಬಗೆ ಬದಲಾದಂತೆ ಔಷಧದ ಬೆಲೆಯೇ ಬದಲಾಗುತ್ತದೆ.

ಪಾಠದ ಕ್ರಮವೂ ಮೆಚ್ಚತಕ್ಕದ್ದು. ಪುಟದ ಎಡಭಾಗದಲ್ಲಿ ಸೂತ್ರ ಮತ್ತು ಚಿತ್ರ, ಬಲಭಾಗದಲ್ಲಿ ಅದರ ವಿವರಣೆ. ಎದುರಿಗೆ ಕುಳಿತ ಮೇಷ್ಟ್ರು ಹೇಳಿಕೊಟ್ಟಂತೆ. ‘ಹಜಾರ್ಡ್’ ಎಂಬ ಕಠಿಣ ಕಲ್ಪನೆಯನ್ನು ಕಾರಿನ ಸ್ಪೀಡೋಮೀಟರಿನ ಹೋಲಿಕೆಯಿಂದ ತಿಳಿಸಿದ್ದಾರೆ. ಅಭ್ಯಾಸಗಳಿಗೆ ಉತ್ತರಗಳಿವೆ. ಎಂ.ಬಿ.ಬಿ.ಎಸ್. ಓದುವಾಗ ಸಂಖ್ಯಾಶಾಸ್ತ್ರವನ್ನು ಪರೀಕ್ಷೆಯ ಮಟ್ಟಿಗಷ್ಟೇ ಕಲಿತ ನಮ್ಮಂಥವರೂ ಯಾರ ನೆರವೂ ಇಲ್ಲದೆ ಓದಬಹುದು.

ಕೊರತೆಯೂ ಇದೆ. ಕೈತಪ್ಪಿದವರ ಗತಿ ಉಳಿದವರ ಗತಿಯಂತೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಪುಸ್ತಕ ಇದನ್ನು ಹೇಳುತ್ತದೆ, ಆದರೆ ಹೇಳಿ ಮುಂದೆ ಸಾಗುತ್ತದೆ. ನಮ್ಮ ಅನುಭವದಲ್ಲಿ ಇಲ್ಲೇ ನಿಲ್ಲಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಯಚೂರಿನಿಂದಲೋ ಬೀದರಿನಿಂದಲೋ ಬರುವ ರೋಗಿಯೊಬ್ಬರು ಬರುವುದನ್ನು ನಿಲ್ಲಿಸಿದರೆ ಏನರ್ಥ? ಗುಣವಾಗಿರಬಹುದು, ಬಸ್ಸಿನ ದುಡ್ಡು, ಕೂಲಿ ತಪ್ಪಿದ ದಿನಗಳ ಭಾರ ತಡೆಯದೆ ಇರಬಹುದು, ತೀರಿಕೊಂಡಿರಲೂಬಹುದು. ಹೆಚ್ಚು ಕಾಯಿಲೆಯಾದವರೇ ಹೆಚ್ಚಾಗಿ ಕೈತಪ್ಪಿದರೆ ಗೆರೆ ಸುಂದರವಾಗಿ ಕಾಣುತ್ತದೆ, ಸತ್ಯ ಅಷ್ಟು ಸುಂದರವಲ್ಲ. ಆಗ ಬೇಕಾದದ್ದು ಸೂತ್ರವಲ್ಲ, ಒಂದು ದೂರವಾಣಿ ಕರೆ, ಇಲ್ಲವೇ ಮನೆಯವರೆಗಿನ ಒಂದು ನಡಿಗೆ. ನಮ್ಮ ಕೂಟಗಳ ಆರೋಗ್ಯ ಶಿಬಿರಗಳಿಗೂ ಈ ಮಾತು ಸಲ್ಲುತ್ತದೆ: ಮಗನ ಮನೆಯಲ್ಲಿ ಆರು ತಿಂಗಳಿದ್ದು ಊರಿಗೆ ಮರಳಿದ ಅಜ್ಜಿಯ ರಕ್ತದೊತ್ತಡ ನಮ್ಮ ಪಟ್ಟಿಯಲ್ಲಿ ಅರ್ಧಕ್ಕೇ ನಿಂತಿರುತ್ತದೆ.

ನಮ್ಮ ಅಭಿಪ್ರಾಯವಿಷ್ಟು: ಮೊದಲ ಪುಸ್ತಕವಾಗಿ ಇದನ್ನೇ ಓದಿ. ಎಸ್‌ಎಎಸ್ ಬಳಸುವವರು ಕ್ಯಾರೊಲಿನಾದ ಕೇರಿಯಲ್ಲಿರುವ ಎಸ್‌ಎಎಸ್ ಸಂಸ್ಥೆಯೇ ಪ್ರಕಟಿಸಿದ ಪಾಲ್ ಆಲಿಸನ್ ಅವರ ಪುಸ್ತಕವನ್ನು ಜೊತೆಗಿಟ್ಟುಕೊಳ್ಳಲಿ. ಆದರೆ ಕೂಡುವ ಚಿಹ್ನೆ ಕಂಡಲ್ಲೆಲ್ಲ ‘ಇವರು ಎಲ್ಲಿ ಹೋದರು, ಏಕೆ ಹೋದರು?’ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಬಂದವರೇ ಈ ವಿದ್ಯೆಯನ್ನು ಕಲಿತವರು.