ಮೊದಲು ರಕ್ತಪರೀಕ್ಷೆ, ಆಮೇಲೆ ಸೂಜಿ

ಸುಸ್ತು ಎಂದ ಗಂಡಸರಿಗೆಲ್ಲ ಟೆಸ್ಟೊಸ್ಟೆರಾನ್ ಸೂಜಿ ಚುಚ್ಚುವುದು ತಪ್ಪು. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 10ರೊಳಗೆ, ಬೇರೆ ಬೇರೆ ದಿನ ಎರಡು ಸಲ ರಕ್ತ ಕೊಡಬೇಕು. ಹಲವಾಗಲಿನಿಂದ ಬಸ್ಸು ಹಿಡಿದು ಹರಪನಹಳ್ಳಿಗೆ ಬರುವ ರೈತನಿಗೆ ಇದು ಸುಲಭವಲ್ಲ. ಆಸ್ಪತ್ರೆಯವರು ಇಂಥವರನ್ನು ಮೊದಲು ಕರೆಯಲಿ. ಬೊಜ್ಜು, ಸಕ್ಕರೆ ಕಾಯಿಲೆಯಿಂದಲೂ ಹಾರ್ಮೋನು ಕುಸಿಯುತ್ತದೆ. ತೂಕ ಇಳಿಸಿದರೆ ಎಷ್ಟೋ ಜನಕ್ಕೆ ಸೂಜಿಯೇ ಬೇಡ.

ನಮ್ಮನ್ನು ಹೆಚ್ಚು ಕಾಡುವುದು ಹೊಸದಾಗಿ ಮದುವೆಯಾದವರ ವಿಷಯ. ಹೊರಗಿನಿಂದ ಹಾರ್ಮೋನು ಸಿಕ್ಕರೆ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕೊಡುವ ಪ್ರಚೋದನೆ ಕುಗ್ಗಿ, ವೀರ್ಯಾಣು ಉತ್ಪಾದನೆಯೇ ನಿಲ್ಲಬಹುದು. ಮಗು ಆಗಲೆಂದು ಚುಚ್ಚಿಸಿಕೊಂಡವನಿಗೆ ಮಗುವೇ ದೂರ! ವೈದ್ಯರು ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಔಷಧದಂಗಡಿಯವರು ಚೀಟಿಯಿಲ್ಲದೆ ಈ ಇಂಜೆಕ್ಷನ್ ಕೊಡಲೇಬಾರದು.