ಅಂದು ಟ್ರ್ಯಾಕ್ಟರ್, ಇಂದು ಟ್ಯಾಂಕರ್

2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿದಾಗ ನಮ್ಮ ಟೀಮಿನ ಇಬ್ಬರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಬಂದಿದ್ದರು. ಸೆಲ್ಫಿ ತೆಗೆದು ಸ್ಟೇಟಸ್ಸಿಗೂ ಹಾಕಿದ್ದರು. 2024ರ ಮಾರ್ಚಿನಲ್ಲಿ ಅದೇ ಇಬ್ಬರು ಮೀಟಿಂಗ್ ಮಧ್ಯೆ ಎದ್ದುಹೋಗಿ ಟ್ಯಾಂಕರಿನವನಿಗೆ ಫೋನ್ ಮಾಡಿ, "ಅಣ್ಣಾ, ಒಂದೇ ಒಂದು ಲೋಡ್ ಕಳಿಸಣ್ಣಾ" ಅಂತ ಗೋಗರೆಯುತ್ತಿದ್ದರು. ಮಧ್ಯೆ ಇದ್ದದ್ದು ಬರೀ ಹದಿನೆಂಟು ತಿಂಗಳು.

ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ಕ್ಲೈಮೇಟ್ ಚೇಂಜ್ ಕಣ್ರೀ, ನಾವೇನ್ ಮಾಡೋಕಾಗುತ್ತೆ?" ಹವಾಮಾನ ಬದಲಾಗುತ್ತಿರುವುದು ನಿಜ. ವಾರವಿಡೀ ಬರಬೇಕಾದ ಮಳೆ ಒಂದೇ ಸಂಜೆ ಸುರಿದುಬಿಡುತ್ತೆ. ಹಾಗಾದರೆ ಅದನ್ನು ಹಿಡಿದಿಡೋ ಕೆಲಸ ಹೆಚ್ಚಾಗಬೇಕಿತ್ತಲ್ಲ? ನಮಗೆ ಅದು ಕೈಕಟ್ಟಿ ಕೂರೋಕೆ ಸಿಕ್ಕ ನೆಪವಾಯಿತು.

ಲೆಕ್ಕ ಹಾಕೋಣ, ಅದು ನಮಗೆ ಬರುವ ವಿದ್ಯೆ ತಾನೇ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ ಬೀಳುತ್ತೆ. 60×40 ಸೈಟಿನ ಮೇಲೆ ಬೀಳುವ ನೀರು ಎರಡು ಲಕ್ಷ ಲೀಟರಿಗೂ ಹೆಚ್ಚು. ಸೋರಿದ್ದು, ಆರಿದ್ದು ಕಳೆದು ಒಂದೂವರೆ ಲಕ್ಷ ಅಂತಲೇ ಇಟ್ಟುಕೊಳ್ಳಿ. 6,000 ಲೀಟರಿನ ಟ್ಯಾಂಕರು 25 ಸಲ ಬಂದ ಹಾಗಾಯಿತು. ಇಷ್ಟನ್ನೂ ಮೋರಿಗೆ ಬಿಟ್ಟು, ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಸುಮಾರು 500 ಮೀಟರ್ ಮೇಲಕ್ಕೆ ಎತ್ತಿಸಿ ಕಾರು ತೊಳೀತೀವಿ. ಹಾಗೆ ಎತ್ತೋಕೆ ಸುಡುವ ಕರೆಂಟಿನ ಲೆಕ್ಕ ಬೇರೆ.

ನಾನೇನು ಸಾಚಾ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಇಂಗುಬಾವಿಗಳನ್ನು ತೋಡಿಸೋದೋ, ಹೊಸ ಬೋರ್ ಕೊರೆಸೋದೋ ಅಂತ ಚರ್ಚೆ ಬಂತು. "ಬಾವಿ ತುಂಬೋವರೆಗೆ ಯಾರು ಕಾಯ್ತಾರೆ? ನಾಳೆ ಸ್ನಾನಕ್ಕೆ ನೀರು ಬೇಕು" ಅಂದರು ಒಬ್ಬರು. ಊರಲ್ಲಿ ನಮ್ಮಪ್ಪ ಸಾಲ ಮಾಡಿ ಕೊರೆಸಿದ ಮೂರು ಬೋರಿನಲ್ಲಿ ಎರಡು ಫೇಲಾಗಿದ್ದವು. ಅದು ಗೊತ್ತಿದ್ದೂ ನಾನು ಬೋರಿಗೇ ಕೈ ಎತ್ತಿದೆ. 1,200 ಅಡಿಗೆ ನೀರು ಸಿಕ್ಕಿತು, ಸ್ವೀಟ್ ಹಂಚಿದರು. ಎರಡು ತಿಂಗಳಲ್ಲಿ ಹಿಂದಿನ ರಸ್ತೆಯ ವಠಾರದ ಬೋರ್ ಬತ್ತಿತು. ನಮ್ಮಿಂದಲೇ ಅಂತ ಸಾಬೀತು ಮಾಡೋಕಾಗಲ್ಲ. ಆದರೆ ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಇರೋದು ಆ ವಠಾರದಲ್ಲೇ. ಬೆಳಿಗ್ಗೆ ಬಿಂದಿಗೆ ಹಿಡಿದು ಕ್ಯೂ ನಿಂತು, ಲೇಟಾಗಿ ಬಂದು, "ಸಾರಿ ಸರ್" ಅಂದರು. ಸಾರಿ ಯಾರು ಕೇಳಬೇಕಿತ್ತು?

ಕೋಲಾರದ ಕಡೆಯ ನಮ್ಮೂರಲ್ಲಿ ಹಿಂದೆ ನೀರುಗಂಟಿ ಇದ್ದ. ಕೆರೆಯ ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಕೈಲಿತ್ತು. ಊರು ಸ್ವರ್ಗವಾಗಿತ್ತು ಅಂತ ಹೇಳ್ತಿಲ್ಲ. ಊರಿಗೆಲ್ಲ ನೀರು ಹಂಚುತ್ತಿದ್ದ ಅವನು ಊರಬಾವಿ ಮುಟ್ಟೋ ಹಾಗಿರಲಿಲ್ಲ ಅಂತ ಅಜ್ಜಿಯೇ ಹೇಳುತ್ತಿದ್ದರು. ಆ ಅನ್ಯಾಯ ಬೇಡ, ಆ ಲೆಕ್ಕ ಬೇಕು. ನೀರು ಎಲ್ಲರದ್ದು, ಆದ್ದರಿಂದ ಅದಕ್ಕೊಂದು ಕಟ್ಟುಪಾಡು.

ನಗರದಲ್ಲಿ ಇದು ಆಗದ ಮಾತು ಅನ್ನೋರು ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ನೋಡಿ. ಅಲ್ಲಿನ ನಿವಾಸಿಗಳೇ ಸೇರಿ ಮನೆಗೊಂದು ಬೋರ್ ಬೇಡ ಅಂದರು, ಇಂಗುಬಾವಿ ತೋಡಿಸಿದರು, ಹೆಚ್ಚು ಬಳಸಿದವರಿಗೆ ಹೆಚ್ಚು ದರ ಇಟ್ಟರು. ನಮ್ಮಂಥವರೇ ಅವರೂ. ಜಗಳಗಳಾದವು, ಆದರೂ ಮಾಡಿದರು.

ನಾವು? ಶನಿವಾರ ಕಂಪನಿ ಕೊಟ್ಟ ಟೀ ಶರ್ಟ್ ಹಾಕಿಕೊಂಡು ಸಸಿ ನೆಟ್ಟು ಫೋಟೋ ಹಾಕ್ತೀವಿ. ಆ ಸಸಿಗೆ ಭಾನುವಾರ ನೀರು ಹಾಕೋರು ಯಾರು ಅಂತ ಕೇಳಲ್ಲ. ಮಳೆನೀರು ಕೊಯ್ಲು ಕಡ್ಡಾಯ ಅಂತ ಕಾನೂನು ಬಂದದ್ದು 2009ರಲ್ಲಿ. ದಂಡ ಕಟ್ಟೋದೇ ಸುಲಭ ಅಂತ ತಿಂಗಳು ತಿಂಗಳೂ ಕಟ್ಟುತ್ತಿರುವ ಮನೆಗಳಿವೆ. ಸ್ಟೀಲ್ ಸ್ಟ್ರಾ ಕೊಂಡರೆ ಪರಿಸರ ಉಳಿಯಲ್ಲ ಸ್ವಾಮಿ. ಪಕ್ಕದ ಫ್ಲ್ಯಾಟಿನವರ ಜೊತೆ ಕೂತು, ಮಾತಾಡಿ, ದುಡ್ಡು ಹಾಕಿ, ವರ್ಷಾ ವರ್ಷಾ ಫಿಲ್ಟರಿನ ಕಸ ತೆಗೆಯಬೇಕು. ಬೋರಿಂಗ್ ಕೆಲಸ ಅದು, ಲೈಕ್ ಬರಲ್ಲ.

ಮುಂದಿನ ಮೀಟಿಂಗಿಗೆ ನಾನು ಎರಡು ವಿಷಯ ಬರೆದುಕೊಟ್ಟಿದ್ದೇನೆ: ಫ್ಲ್ಯಾಟಿಗೊಂದು ನೀರಿನ ಮೀಟರ್, ಅಂಗಳದಲ್ಲಿ ಇಂಗುಬಾವಿ. ಸೋಲಬಹುದು. ಸೋತರೆ ಅದರ ಮುಂದಿನ ಮೀಟಿಂಗಿನಲ್ಲಿ ಮತ್ತೆ ತರ್ತೀನಿ.

ನೀವೂ ಇವತ್ತು ಒಂದು ಕೆಲಸ ಮಾಡಿ. ನಿಮ್ಮ ಬಿಲ್ಡಿಂಗಿನ ಟೆರೇಸಿನಿಂದ ಇಳಿಯುವ ಪೈಪು ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಕೆಳಗಿಳಿದು ನೋಡಿ.