ನಪುಂಸಕವೆಂದು ಎಣಿಸಲಾದ ದುಂಬಿ

ಶಾಸ್ತ್ರದಲ್ಲಿ ಸಕಲ ವಿಜ್ಞಾನವೂ ಮೊದಲೇ ಇದೆಯೆಂದು ಸಾರುವವರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವನ್ನು ಕೊನೆಯವರೆಗೆ ಓದುವುದು ಲೇಸು. ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯವನ್ನು ಏರಿಸುತ್ತ ಉಮಾಸ್ವಾಮಿಗಳು ದುಂಬಿಯನ್ನು ಚತುರಿಂದ್ರಿಯವೆನ್ನುತ್ತಾರೆ. ಅದೇ ಅಧ್ಯಾಯದ ಕೊನೆಗೆ, ಸಮ್ಮೂರ್ಛನ ಜನ್ಮದ ಜೀವಗಳೆಲ್ಲ ನಪುಂಸಕವೆನ್ನುತ್ತಾರೆ. ಚತುರಿಂದ್ರಿಯಗಳೂ ಆ ಗಣದವೇ. ಪರಂಪರೆಯ ಲೆಕ್ಕದಲ್ಲಿ ದುಂಬಿಗೆ ತಾಯಿತಂದೆಗಳಿಲ್ಲ, ಗಂಡುಹೆಣ್ಣೆಂಬ ಭೇದವಿಲ್ಲ. ಇದು ತಪ್ಪು. ತಪ್ಪೆಂದು ಒಪ್ಪಿದರೆ ಅಹಿಂಸೆಗೆ ಕುಂದೇನೂ ಬಾರದು. ಸೂಕ್ಷ್ಮದರ್ಶಕವಿಲ್ಲದ ಕಾಲದ ಆಚಾರ್ಯರನ್ನು ಜರೆಯುವುದೂ ಸಲ್ಲದು.

ಜರೆಯಬೇಕಾದುದು ಎಲ್ಲವನ್ನೂ ಬಲ್ಲ ಈ ಕಾಲವನ್ನು. ಕೀಟನಾಶಕದ ಅಪಾಯವನ್ನು ಅಳೆಯುವ ಪ್ರಚಲಿತ ಪರೀಕ್ಷೆ ನಡೆಯುವುದು ಬಹುಮಟ್ಟಿಗೆ ಸಾಕುಜೇನಿನ ಎಳೆಯ ಕೆಲಸಗಾರ ಹುಳುಗಳ ಮೇಲೆ. ಅವುಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ ಲೋಕದ ಸುಮಾರು 20,000 ಜಾತಿಯ ಜೇನುಗಳ ಪರವಾಗಿ ಸಾಕ್ಷಿ ನುಡಿಯುತ್ತದೆ. ಮರಿಹುಳುಗಳ ಪರೀಕ್ಷೆಯೂ ಉಂಟು, ಅದೂ ಸಾಕುಜೇನಿನದೇ.

ಆದರೆ ಹೆಚ್ಚಿನ ಜೇನುಗಳು ಒಂಟಿ ಜೀವಿಗಳು. ಅವಕ್ಕೆ ರಾಣಿಯಿಲ್ಲ, ದಾದಿಯರಿಲ್ಲ. ಟೊಳ್ಳು ಕಡ್ಡಿಯಲ್ಲೋ ನೆಲದ ಬಿಲದಲ್ಲೋ ಒಬ್ಬಳೇ ತಾಯಿ ಪರಾಗದ ಮುದ್ದೆ ಕೂಡಿಸಿ, ಮೊಟ್ಟೆಯಿಟ್ಟು, ಕೋಣೆ ಮುಚ್ಚಿ ಹೋಗುತ್ತಾಳೆ. ಸಾಕುಜೇನಿನ ಮರಿಗೆ ದಾದಿಯರು ಸ್ರವಿಸಿದ ಆಹಾರ ದೊರೆತರೆ, ಒಂಟಿ ಜೇನಿನ ಮರಿಗೆ ಆ ಮುದ್ದೆಯೇ ಸರ್ವಸ್ವ. ಪರಾಗದಲ್ಲಿ ವಿಷವಿದ್ದರೆ ಅದನ್ನೇ ಉಣ್ಣಬೇಕು. ಯುರೋಪಿನ ಕೆಂಪು ಒಂಟಿ ಜೇನಿನಲ್ಲಿ ಗಂಡುಗಳು ಹೆಣ್ಣುಗಳಿಗಿಂತ ಮೊದಲು ಗೂಡಿನಿಂದ ಹೊರಬರುತ್ತವೆ. ಅವುಗಳ ದೇಹವೂ ಚಿಕ್ಕದು. ಋತುವಿನ ಮೊದಲ ಸಿಂಪಡಣೆಗೆ ಸಿಕ್ಕುವವು ಅವೇ. ದುಡಿಮೆಯ ನಡುವಯಸ್ಸಿನ ಹೆಣ್ಣು ಸತ್ತರೆ, ಅವಳು ಇಡಬೇಕಿದ್ದ ಮೊಟ್ಟೆಗಳೂ ಅಲ್ಲಿಗೇ ಮುಗಿದವು. ಸಾಕುಜೇನಿನ ಗೂಡು ನೂರು ಕೆಲಸಗಾರರನ್ನು ಕಳೆದುಕೊಂಡೂ ಉಳಿದೀತು.

ಇದು ಊಹೆಯ ಮಾತಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದೇ ಕೆಂಪು ಜೇನಿಗೆ ಥಯಾಮಿಥಾಕ್ಸಾಮ್ ಮತ್ತು ಕ್ಲೋಥಿಯಾನಿಡಿನ್‌ಗಳ ಅಲ್ಪಾಂಶವನ್ನು ಉಣಿಸಲಾಯಿತು. ತಾಯಂದಿರು ಸಾಯಲಿಲ್ಲ. ಆದರೆ ಸಂತತಿ ಅರ್ಧಕ್ಕಿಳಿಯಿತು, ಹುಟ್ಟಿದವುಗಳಲ್ಲಿ ಗಂಡಿನ ಪಾಲು ಏರಿತು. ಸಾವನ್ನಷ್ಟೇ ಎಣಿಸುವ ಪರೀಕ್ಷೆಗೆ ಇದಾವುದೂ ಕಾಣದು. ಸ್ವೀಡನ್ನಿನ ಹೊಲಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ನೇರವಾದುದು: ಬೀಜೋಪಚಾರ ಮಾಡಿದ ಎಣ್ಣೆಬೀಜದ ಹೊಲದಂಚಿನಲ್ಲಿ ಒಂಟಿ ಜೇನುಗಳು ಸಂತಾನದ ಕೋಣೆಗಳನ್ನೇ ಕಟ್ಟಲಿಲ್ಲ, ಪಕ್ಕದ ಸಾಕುಜೇನು ಪೆಟ್ಟಿಗೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಾವ ಜೀವಿ ಉಳಿಯಿತೋ ಅದನ್ನೇ ಮಾನದಂಡವಾಗಿಸುವುದು ವಿಚಿತ್ರ ನ್ಯಾಯ. ಯುರೋಪಿನ ಒಕ್ಕೂಟ 2018ರಲ್ಲಿ ಈ ವರ್ಗದ ಮೂರು ಔಷಧಗಳ ಬಯಲು ಬಳಕೆಯನ್ನು ನಿಷೇಧಿಸಿತು. ಭಾರತದ ಅಂಗಡಿಗಳಲ್ಲಿ ಅವು ಇಂದಿಗೂ ದೊರೆಯುತ್ತವೆ.

ಆಚಾರ್ಯರು ಅರಿಯದೆ ದುಂಬಿಯನ್ನು ನಪುಂಸಕವೆಂದರು. ಪ್ರಯೋಗಾಲಯವು ಗಂಡು, ಹೆಣ್ಣು, ಮರಿ, ಮುದಿ ಎಲ್ಲವನ್ನೂ ಅರಿತು, ಲೆಕ್ಕದ ಹಾಳೆಯಲ್ಲಿ ಮಾತ್ರ ನಪುಂಸಕವೆಂದೇ ಬರೆಯುತ್ತಿದೆ.

ಜೈನ ಸಮಾಜಕ್ಕೂ ಇಲ್ಲಿ ನುಣುಚಿಕೊಳ್ಳುವ ದಾರಿಯಿಲ್ಲ. ಮಧುತ್ಯಾಗವನ್ನು ಮೂಲಗುಣವೆಂದು ಕಲಿಸಿದ ಪರಂಪರೆಯೇ ವಿಷವಾಣಿಜ್ಯವನ್ನೂ ನಿಷಿದ್ಧ ವೃತ್ತಿಗಳಲ್ಲಿ ಎಣಿಸಿದೆ. ಬೆಳಗಾವಿ ಸೀಮೆಯಲ್ಲಿ ತಲೆಮಾರುಗಳಿಂದ ಒಕ್ಕಲುತನ ಮಾಡಿಕೊಂಡು ಬಂದ ಜೈನ ಮನೆತನಗಳು ಹಲವು. ತೊಗರಿ ಹೂವಿಗೆ ಬರುವ ಎಲೆ ಕತ್ತರಿಸುವ ಒಂಟಿ ಜೇನು ಆ ಹೊಲಗಳದೇ ಜೀವಿ. ಕಾಯಿಕೊರಕಕ್ಕೆಂದು ಔಷಧ ಹೊಡೆಯುವುದೂ ಹೂವಿನ ಹೊತ್ತಿಗೇ. ಜೇನುತುಪ್ಪದ ಬಟ್ಟಲನ್ನು ದೂರ ಸರಿಸುವ ಮನೆಯಲ್ಲಿ ಸಿಂಪಡಣೆಯ ದಿನ, ಹೊತ್ತು, ಔಷಧಗಳ ಬಗೆಗೆ ಯಾವ ವ್ರತವೂ ಇಲ್ಲ.